ಬೆರೆಟಾ, ಟಾರಸ್ ಮತ್ತು ನಮ್ಮೂರ ಆಚಾರ್ರ ಕೋವಿ

ಟೆಕ್ಸಾಸಿನಲ್ಲಿದ್ದ ಎರಡು ವರ್ಷದಲ್ಲಿ ನಾನು ಮಾಡಿದ ವಿಚಿತ್ರ ಕೆಲಸ ಅಂದ್ರೆ ಬೇಟೆ ಲೈಸೆನ್ಸ್ ಮಾಡಿಸಿದ್ದು. ಬೇಟೆಗೆ ಹೋಗೋದಕ್ಕಲ್ಲ. ನಮ್ಮ ಥರ ಕೆಲಸದ ವೀಸಾದಲ್ಲಿ ಹೋದವರು ಅಲ್ಲಿ ಬಂದೂಕು ಮುಟ್ಟೋ ಹಾಗಿಲ್ಲ, ಆದ್ರೆ ಬೇಟೆ ಲೈಸೆನ್ಸ್ ಇದ್ರೆ ಮುಟ್ಟಬಹುದು. ಅಂಗಡಿಗೆ ಹೋಗಿ ದುಡ್ಡು ಕೊಟ್ಟೆ, ಸ್ವಲ್ಪ ಹೊತ್ತಲ್ಲೇ ಕೈಗೆ ಬಂತು. ಊರಲ್ಲಿ ಅಜ್ಜ ಬೆಳೆ ರಕ್ಷಣೆಯ ಕೋವಿ ಲೈಸೆನ್ಸ್ ನವೀಕರಣಕ್ಕೆ ತಾಲೂಕಾಫೀಸು, ಪೊಲೀಸ್ ಸ್ಟೇಷನ್ನು ಅಂತ ಚಪ್ಪಲಿ ಸವೆಸಿದ್ದು ನೆನಪಾಗಿ ನಗು ಬಂತು.

ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದವರು ನಮ್ಮ ಟೀಮಿನ ಹಿರಿಯರೊಬ್ಬರು, ಮೊದಲು ಸೈನ್ಯದಲ್ಲಿ ಇದ್ದವರು. ಮೇಜಿನ ಮೇಲೆ ಎರಡು ಪಿಸ್ತೂಲು ಇಟ್ಟರು. ಒಂದು ಇಟಲಿಯ ಬೆರೆಟಾ 92ಎಫ್‌ಎಸ್, ಇನ್ನೊಂದು ಬ್ರೆಜಿಲ್‌ನ ಟಾರಸ್ ಪಿಟಿ92. ಎರಡೂ 9 ಎಂಎಂ. ಮೇಲ್ಭಾಗ ಅರ್ಧ ತೆರೆದು ನಳಿಗೆ ಕಾಣೋ ಅದೇ ವಿನ್ಯಾಸ, ಅದೇ ತೂಕ, ಅದೇ ಮೈಕಟ್ಟು. ಮದುವೆ ಮನೆಯಲ್ಲಿ ಅವಳಿ ಮಕ್ಕಳಿಗೆ ಒಂದೇ ಬಟ್ಟೆ ಹಾಕಿ ಕೂರಿಸಿದ ಹಾಗೆ. ಎರಡನೇದಕ್ಕೆ ಮೊದಲನೇದರ ಮೂರನೇ ಎರಡು ಭಾಗದಷ್ಟು ಬೆಲೆ ಅಂದರು. "ಯಾವುದು ಒರಿಜಿನಲ್ ಅಂತ ಹೊಡೆದು ಹೇಳು ನೋಡೋಣ."

ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಹಾಕಿಕೊಂಡು ಎರಡರಲ್ಲೂ ಹದಿನೈದು ಹದಿನೈದು ಗುಂಡು ಹೊಡೆದೆ. ಒಂದರ ಟ್ರಿಗರ್ ಬೆಣ್ಣೆ ಥರ ಬಂತು, ಇನ್ನೊಂದರದ್ದು ಸ್ವಲ್ಪ ಕಡಲೆ ಕಡಿದ ಹಾಗೆ. ಕಾಗದದ ಮೇಲಿನ ತೂತಿನಲ್ಲಿ ಮಾತ್ರ ವ್ಯತ್ಯಾಸ ಇರಲಿಲ್ಲ. ಎರಡೂ ಸಮಾನವಾಗಿ ಕೆಟ್ಟದಾಗಿದ್ದವು, ಅದು ನನ್ನ ಕೈಯ ಮಹಿಮೆ. ಕೊನೆಗೆ ಅಂದಾಜಲ್ಲಿ ಒಂದನ್ನ ತೋರಿಸಿದೆ. ತಪ್ಪಾಗಿತ್ತು.

ಆ ರಾತ್ರಿ ಕೂತು ಈ ಎರಡು ಪಿಸ್ತೂಲಿನ ಚರಿತ್ರೆ ಓದಿದೆ. ನಕಲು ಅನ್ನೋ ಪದವನ್ನ ನಾನು ಎಷ್ಟು ಸುಲಭವಾಗಿ ಬಳಸ್ತಿದ್ದೆ ಅಂತ ಆಗ ಗೊತ್ತಾಯ್ತು.

ಬೆರೆಟಾ ಅಂದ್ರೆ ಸಣ್ಣ ಮನೆತನ ಅಲ್ಲ. ಇಟಲಿಯ ಗಾರ್ದೋನೆ ವಾಲ್ ತ್ರೋಂಪಿಯಾ ಅನ್ನೋ ಕಣಿವೆ ಊರಲ್ಲಿ, 1526ರಲ್ಲಿ ವೆನಿಸ್ಸಿನ ಶಸ್ತ್ರಾಗಾರಕ್ಕೆ 185 ಕೋವಿ ನಳಿಗೆ ಮಾರಿದ ಲೆಕ್ಕ ಇದೆ. ಅಂದ್ರೆ ವಿಜಯನಗರದಲ್ಲಿ ಕೃಷ್ಣದೇವರಾಯ ಇದ್ದ ಕಾಲ. ಆ ಕಂಪನಿ 1975ರಲ್ಲಿ 92 ಅನ್ನೋ ಮಾದರಿ ತಂದಿತು. ಬ್ರೆಜಿಲ್ ಸೈನ್ಯಕ್ಕೆ ಪಿಸ್ತೂಲು ಕೊಡೋ ಒಪ್ಪಂದಕ್ಕಾಗಿ ಸಾವೊ ಪಾಲೊದಲ್ಲಿ ಒಂದು ಕಾರ್ಖಾನೆ ಹಾಕಿತು. ಒಪ್ಪಂದ ಮುಗಿದ ಮೇಲೆ, 1980ರಲ್ಲಿ, ಆ ಕಾರ್ಖಾನೆಯನ್ನ ಟಾರಸ್ ಕೊಂಡುಕೊಂಡಿತು. ಯಂತ್ರ, ಡ್ರಾಯಿಂಗು, ಕೆಲಸಗಾರರು, ಎಲ್ಲಾ ಸಮೇತ. ಅದೇ ಯಂತ್ರದ ಮುಂದೆ ಅದೇ ಮನುಷ್ಯ ನಿಂತು ನಿನ್ನೆ ಮಾಡಿದ್ದು ಬೆರೆಟಾ, ಇವತ್ತು ಮಾಡಿದ್ದು ಟಾರಸ್. ನಿನ್ನೆಯದು ಅಸಲಿ, ಇವತ್ತಿನದು ನಕಲಿ. ಆ ಮನುಷ್ಯನ ಕೈಗೆ ರಾತ್ರೋರಾತ್ರಿ ಏನಾಯ್ತು?

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಇದಕ್ಕೆ ಫೋರ್ಕ್ ಅಂತೀವಿ. ಒಂದು ಹಂತದವರೆಗೆ ಇಬ್ಬರದ್ದೂ ಒಂದೇ ಕೋಡ್. ಆಮೇಲೆ ದಾರಿ ಬೇರೆ. ಬೆರೆಟಾದವರು ಸೇಫ್ಟಿ ಕೀಲಿಯನ್ನ ಮೇಲಿನ ಸ್ಲೈಡಿಗೆ ಸಾಗಿಸಿದರು. ಟಾರಸ್‌ನವರು ಮೂಲದಲ್ಲಿ ಇದ್ದ ಹಾಗೇ ಕೆಳಗೆ ಫ್ರೇಮಿನಲ್ಲೇ, ಹೆಬ್ಬೆರಳಿಗೆ ಸುಲಭವಾಗಿ ಸಿಗೋ ಜಾಗದಲ್ಲೇ ಉಳಿಸಿಕೊಂಡರು. ಇದೇ ಸರಿ ಅನ್ನೋ ಶೂಟರ್‌ಗಳು ತುಂಬಾ ಜನ ಇದ್ದಾರೆ. ತಮಾಷೆ ಅಂದ್ರೆ, ಇತ್ತೀಚೆಗೆ ಬೆರೆಟಾದ ದುಬಾರಿ ಸ್ಪರ್ಧಾ ಮಾದರಿಯೊಂದರಲ್ಲಿ ಸೇಫ್ಟಿ ವಾಪಸ್ ಫ್ರೇಮಿಗೆ ಬಂದಿದೆ. ಮೂಲಕ್ಕೆ ಹೆಚ್ಚು ನಿಷ್ಠವಾಗಿದ್ದದ್ದು ನಕಲೇ.

ಇನ್ನು ಬೆರೆಟಾ ತಾನೇ ಪೂರ್ತಿ ಅಸಲಿಯಾ ಅಂತ ಕೇಳಿದರೆ ಅದೂ ಇಲ್ಲ. ಗುಂಡು ಹಾರುವ ಕ್ಷಣದಲ್ಲಿ ನಳಿಗೆಯನ್ನ ಬಿಗಿಹಿಡಿಯೋ ಲಾಕಿನ ಉಪಾಯ ಜರ್ಮನಿಯ ವಾಲ್ತರ್ ಪಿ38ರದ್ದು. ಎರಡು ಸಾಲಲ್ಲಿ ಗುಂಡು ತುಂಬೋ ಮ್ಯಾಗಜಿನ್ ಬ್ರೌನಿಂಗ್ ಹೈ-ಪವರ್ ಪಿಸ್ತೂಲಿನಲ್ಲಿ ಮೊದಲೇ ಇತ್ತು. ಆ ಬ್ರೌನಿಂಗನ್ನ ನಮ್ಮ ಇಷಾಪುರದ ರೈಫಲ್ ಫ್ಯಾಕ್ಟರಿ ಕೂಡ ನಮ್ಮ ಸೈನ್ಯಕ್ಕೆ ಮಾಡಿಕೊಟ್ಟಿದೆ. ಹಾಗಾಗಿ ಆಕಾರ ಎತ್ತಿಕೊಂಡದ್ದೇ ಪಾಪ ಅನ್ನೋದಾದ್ರೆ ಈ ಧಂಧೆಯಲ್ಲಿ ಯಾರೂ ಪುಣ್ಯವಂತರಿಲ್ಲ.

ಹಾಗಾದ್ರೆ ಆ ಹೆಚ್ಚಿನ ದುಡ್ಡು ಯಾತಕ್ಕೆ? ಬರೀ ಹೆಸರಿಗಾ?

ಇಲ್ಲಿ ನಮ್ಮೂರ ಆಚಾರ್ರನ್ನ ಕರೆದುಕೊಂಡು ಬರಲೇಬೇಕು.

ತೀರ್ಥಹಳ್ಳಿ ಕಡೆಯ ನಮ್ಮನೆಯಲ್ಲಿ ಅಜ್ಜನ ಕಾಲದ ಒಂದು ಕೇಪಿನ ಕೋವಿ ಇತ್ತು. ಇಂಗ್ಲೆಂಡಿನದ್ದು, ಯಾವುದೋ ಕಾಫಿ ತೋಟದ ದೊರೆಯಿಂದ ಕೈ ಬದಲಾಗಿ ಬದಲಾಗಿ ಬಂದದ್ದು. ಮಂಗ, ಹಂದಿ ಓಡಿಸೋದಕ್ಕೆ. ನಳಿಗೆಯ ಬುಡದಲ್ಲಿ ಉಗುರಿನಷ್ಟು ಚಿಕ್ಕ ಕಿರೀಟದ ಗುರುತು. ನಾವು ಮಕ್ಕಳು ಅದನ್ನ ರಾಣಿ ಸೀಲು ಅಂತ ಕರೀತಿದ್ವಿ. ಕೆಳಮನೆ ಚಿಕ್ಕಪ್ಪಯ್ಯನಿಗೆ ಅಂಥದ್ದೇ ಒಂದು ಬೇಕಿತ್ತು, ದುಡ್ಡೂ ಇರಲಿಲ್ಲ, ಲೈಸೆನ್ಸೂ ಇರಲಿಲ್ಲ. ಆಚಾರ್ರು ಅಜ್ಜನ ಕೋವಿಯನ್ನ ರಿಪೇರಿಗೆ ಅಂತ ನಾಲ್ಕು ದಿನ ಇಟ್ಟುಕೊಂಡು, ಅದನ್ನ ನೋಡಿಕೊಂಡು ಇನ್ನೊಂದು ಮಾಡಿದರು. ಅದರ ಚಂದ ಏನು ಹೇಳಲಿ! ಹಿಡಿಯ ಮರಕ್ಕೆ ಹಾಕಿದ ಗೆರೆ, ಕುದುರೆಯ ಬಾಗು, ಪಕ್ಕದ ತಗಡಿನ ಮೇಲಿನ ಬಳ್ಳಿ, ಎಲ್ಲಾ ಇಂಗ್ಲೆಂಡಿನದಕ್ಕಿಂತ ಒಂದು ಕೈ ಮೇಲೆ. ಕಿರೀಟದ ಗುರುತನ್ನೂ ಬಿಡದೆ ಕೆತ್ತಿದ್ದರು.

ನಳಿಗೆ ಮಾತ್ರ ಎಲ್ಲಿಂದಲೋ ತಂದ ಪೈಪು.

ಎರಡು ಮಳೆಗಾಲ ಚೆನ್ನಾಗೇ ಇತ್ತು. ಮೂರನೇ ವರ್ಷ ಒಂದು ರಾತ್ರಿ ಗದ್ದೆ ಮಾಳದಲ್ಲಿ ನಳಿಗೆ ಬುಡದಲ್ಲೇ ಸೀಳಿಕೊಂಡಿತು. ಚಿಕ್ಕಪ್ಪಯ್ಯನ ಎಡಗೈಯ ಮೂರು ಬೆರಳು ಹೋದವು. ಆಸ್ಪತ್ರೆಯಲ್ಲಿ ಗರ್ನಾಲು ಸಿಡಿದದ್ದು ಅಂತ ಹೇಳಿದರು. ಡಾಕ್ಟ್ರು ನಂಬಿದ ಹಾಗೆ ಮಾಡಿದರು. ನಂಗಾಗ ಒಂಬತ್ತು ವರ್ಷ.

ಆ ಕಿರೀಟದ ಗುರುತು ಏನು ಅಂತ ನಂಗೆ ಗೊತ್ತಾದದ್ದು ಟೆಕ್ಸಾಸಿನ ಅದೇ ರಾತ್ರಿ. ಅದು ರಾಣಿಯ ಸೀಲಲ್ಲ, ಅಲಂಕಾರವೂ ಅಲ್ಲ. 1813ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕಾನೂನು ಮಾಡಿ ಪ್ರೂಫ್ ಹೌಸ್ ಅಂತ ಒಂದು ಮನೆ ಕಟ್ಟಿದರು. ಕೋವಿ ಮಾಡಿದವರು ಮಾರೋ ಮುಂಚೆ ನಳಿಗೆಯನ್ನ ಅಲ್ಲಿಗೆ ಒಯ್ಯಬೇಕು. ಅಲ್ಲಿ ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ, ಜನರಿಂದ ದೂರ ಇಟ್ಟು ಹಾರಿಸ್ತಾರೆ. ಒಡೆಯೋದಿದ್ರೆ ಅಲ್ಲೇ ಒಡೀಲಿ ಅಂತ. ಒಡೆಯದೆ ಉಳಿದದ್ದಕ್ಕೆ ಮಾತ್ರ ಆ ಗುರುತು. ಬೆರೆಟಾ ಊರಾದ ಗಾರ್ದೋನೆಯಲ್ಲೂ ಇಟಲಿಯ ಅಂಥದ್ದೇ ಪರೀಕ್ಷಾ ಮನೆ ಇದೆ.

ಅಂದ್ರೆ ಆಚಾರ್ರು ನಕಲು ಮಾಡಿದ್ದು ಒಂದು ಪರೀಕ್ಷೆಯ ಫಲಿತಾಂಶವನ್ನ. ಪರೀಕ್ಷೆಯನ್ನಲ್ಲ. ಅವರಿಗೆ ಮೋಸ ಮಾಡೋ ಉದ್ದೇಶ ಇರಲಿಲ್ಲ, ಇದನ್ನ ನಾನು ಪ್ರಮಾಣ ಮಾಡಿ ಹೇಳ್ತೀನಿ. "ಯಾಕೆ ಕೆತ್ತಿದ್ರಿ" ಅಂತ ಅಜ್ಜ ಕೇಳಿದ್ದಕ್ಕೆ "ಅಲ್ಲಿತ್ತಲ್ಲ ಗೌಡ್ರೇ, ಚಂದ ಕಾಣ್ತಿತ್ತು" ಅಂದಿದ್ದರಂತೆ. ಪೇಶಾವರದ ದಕ್ಷಿಣಕ್ಕೆ ದರ್ರಾ ಆದಮ್ ಖೇಲ್ ಅಂತ ಒಂದು ಊರಿದೆ, ಬ್ರಿಟಿಷರ ಕಾಲದಿಂದ ಬಂದೂಕಿನ ನಕಲಿಗೇ ಹೆಸರುವಾಸಿ. ಆ ಗಡಿ ಭಾಗದಲ್ಲಿ ಮಾಡಿದ ಮಾರ್ಟಿನಿ-ಹೆನ್ರಿ ರೈಫಲ್‌ಗಳ ಮೇಲೆ ವಿಕ್ಟೋರಿಯಾ ರಾಣಿಯ ಮುದ್ರೆ ಇರುತ್ತೆ, ಪಕ್ಕದಲ್ಲಿ ರಾಣಿ ಸತ್ತು ವರ್ಷಗಳಾದ ಮೇಲಿನ ಇಸವಿ ಇರುತ್ತೆ. ಕೆಲವದರಲ್ಲಿ ಇಂಗ್ಲಿಷ್ ಅಕ್ಷರ ತಿರುಗುಮುರುಗು. ಅಕ್ಷರ ಗೊತ್ತಿಲ್ಲದವರು ಅಕ್ಷರವನ್ನ ಚಿತ್ರ ಅಂತ ಬರೆದದ್ದು. ಸಂಗ್ರಾಹಕರು ನಗ್ತಾರೆ. ನಂಗೆ ನಗು ಬರಲ್ಲ, ಯಾಕಂದ್ರೆ ನಾನೂ ಆ ಕೆಲಸ ಮಾಡಿದೀನಿ. ಅದನ್ನ ಆಮೇಲೆ ಹೇಳ್ತೀನಿ.

ಮೊದಲು ಬೆರೆಟಾದ ಒಂದು ಪಿನ್ನಿನ ಕಥೆ. 1985ರಲ್ಲಿ ಅಮೆರಿಕದ ಸೈನ್ಯ ಎಪ್ಪತ್ತು ಚಿಲ್ಲರೆ ವರ್ಷದ ಹಳೆಯ ಕೋಲ್ಟನ್ನ ಬಿಟ್ಟು ಬೆರೆಟಾ 92ನ್ನ ಒಪ್ಪಿಕೊಂಡಿತು, ಎಂ9 ಅಂತ ಹೆಸರಿಟ್ಟಿತು. ಒಂದೆರಡು ವರ್ಷದಲ್ಲೇ ಅವರ ನೌಕಾಪಡೆಯ ಕಮಾಂಡೋಗಳ ಕೈಯಲ್ಲಿ ಸ್ಲೈಡ್ ಎರಡು ತುಂಡಾಗಿ, ಹಿಂದಿನ ತುಂಡು ಹೊಡೆಯೋನ ಮುಖಕ್ಕೇ ಬಂದು ಬಡಿದ ಪ್ರಕರಣಗಳಾದವು. ಗುಂಡಿನ ಒತ್ತಡ ಜಾಸ್ತಿ ಇತ್ತು ಅಂತ ಒಬ್ಬರು, ಉಕ್ಕು ಸರಿ ಇರಲಿಲ್ಲ ಅಂತ ಇನ್ನೊಬ್ಬರು, ದೊಡ್ಡ ಜಗಳ. ಜಗಳ ಏನೇ ಇರಲಿ, ಬೆರೆಟಾದವರು ಒಂದು ಬದಲಾವಣೆ ಮಾಡಿದರು. ಹ್ಯಾಮರ್ ಪಿನ್ನಿನ ತಲೆಯನ್ನ ದೊಡ್ಡದು ಮಾಡಿ, ಅದಕ್ಕೆ ತಕ್ಕ ಹಾಗೆ ಸ್ಲೈಡಿನಲ್ಲಿ ಒಂದು ಗಾಡಿ ಕೊರೆದರು. ಇನ್ನು ಸ್ಲೈಡ್ ಒಡೆದರೂ ಹಿಂದಕ್ಕೆ ಹಾರಿ ಬರಲ್ಲ, ಆ ಪಿನ್ನು ತಡೆಯುತ್ತೆ. 92ಎಫ್ ಅನ್ನೋದು 92ಎಫ್‌ಎಸ್ ಆದದ್ದು ಹೀಗೆ. ಬರೀ ಕಣ್ಣಲ್ಲಿ ನೋಡಿ ನಕಲು ಮಾಡೋನಿಗೆ ಅದೊಂದು ಸುಮ್ಮನೆ ದೊಡ್ಡ ತಲೆಯ ಪಿನ್ನು. ಖರ್ಚು ಉಳಿಸಬೇಕು ಅಂದ್ರೆ ಮೊದಲು ಚಿಕ್ಕದು ಮಾಡೋದೇ ಅದನ್ನ. ಆ ಪಿನ್ನಿನ ಹಿಂದೆ ಒಬ್ಬನ ಒಡೆದ ಹಲ್ಲಿದೆ ಅಂತ ಪಿನ್ನಿನ ಮೇಲೆ ಬರೆದಿರಲ್ಲ.

ದುಬಾರಿಯದೆಲ್ಲಾ ಸಾಚಾ ಅಂತ ಹೇಳೋದಕ್ಕೆ ಹೊರಟಿಲ್ಲ. ಕೆಳಗೆ ಬಿದ್ದರೆ ತಾನಾಗೇ ಗುಂಡು ಹಾರುತ್ತೆ ಅನ್ನೋ ಆರೋಪದಲ್ಲಿ ಟಾರಸ್ ಅಮೆರಿಕದ ಕೋರ್ಟಿನಲ್ಲಿ 2015ರಲ್ಲಿ ರಾಜಿ ಒಪ್ಪಂದ ಮಾಡಿಕೊಂಡದ್ದು ನಿಜ. ಅದು ಬೇರೆ 9 ಮಾದರಿಗಳದ್ದು, ನಾನು ಹೊಡೆದ ಪಿಟಿ92 ಅದರಲ್ಲಿ ಇರಲಿಲ್ಲ. ಆದರೆ ಎಂ9 ಜಾಗಕ್ಕೆ 2017ರಲ್ಲಿ ಬಂದ ಸಿಗ್ ಪಿ320, ಅದೇನೂ ಅಗ್ಗದ ಮಾಲಲ್ಲ, ಅದರ ನಾಗರಿಕರ ಮಾದರಿಗೂ ಅದೇ ವರ್ಷ ಕೆಳಗೆ ಬಿದ್ದರೆ ಹಾರೋ ತೊಂದರೆ ಕಂಡುಬಂದು, ಕಂಪನಿ ಪುಕ್ಕಟೆ ಬದಲಾಯಿಸಿಕೊಡಬೇಕಾಯ್ತು. ಹೆಸರು ಯಾರನ್ನೂ ಕಾಯಲ್ಲ.

ಹಾಗಾಗಿ ಆ ಮೇಜಿನ ಮೇಲಿನ ಎರಡು ಪಿಸ್ತೂಲಿನಲ್ಲಿ ಯಾವುದು ಒಳ್ಳೇದು ಅನ್ನೋ ಪ್ರಶ್ನೆಯನ್ನ ನಾನು ಕೈಬಿಟ್ಟಿದೀನಿ. ಈಗ ನಾನು ಕೇಳೋದು ಬೇರೆ: ಒಡೆಯೋದಿದ್ರೆ ಎಲ್ಲಿ ಒಡೀಬೇಕು, ಯಾರ ಕೈಯಲ್ಲಿ? ಬರ್ಮಿಂಗ್‌ಹ್ಯಾಮಿನ ಆ ಗೋಡೆಯ ಹಿಂದೆ ಒಡೆದರೆ ಮಾಡಿದವನಿಗೆ ನಷ್ಟ. ಅದರ ದುಡ್ಡು ಬೆಲೆಯಲ್ಲಿ ಸೇರಿರುತ್ತೆ. ಆ ದುಡ್ಡು ಉಳಿಸಿದರೆ ಒಡೆಯೋದು ನಿಲ್ಲಲ್ಲ, ಜಾಗ ಬದಲಾಗುತ್ತೆ ಅಷ್ಟೇ. ಗದ್ದೆ ಮಾಳಕ್ಕೆ ಬರುತ್ತೆ. ಚಿಕ್ಕಪ್ಪಯ್ಯ ಉಳಿಸಿದ ದುಡ್ಡನ್ನ ಮೂರು ಬೆರಳಲ್ಲಿ ಕಟ್ಟಿದ. ಅವನಿಗೆ ಹಾಗಂತ ಯಾರೂ ಮೊದಲೇ ಹೇಳಿರಲಿಲ್ಲ, ಹೇಳೋದಕ್ಕೆ ಯಾರಿಗೂ ಗೊತ್ತಿರಲಿಲ್ಲ.

ಇಷ್ಟು ಬರೆದು ಮುಗಿಸಬಹುದಿತ್ತು, ಆದ್ರೆ ಇದು ಪಿಸ್ತೂಲು. ಮಿಕ್ಸಿಯೋ ಪ್ರೆಶರ್ ಕುಕ್ಕರೋ ಆಗಿದ್ರೆ ಭದ್ರವಾಗಿದ್ದಷ್ಟೂ ಎಲ್ಲರಿಗೂ ಒಳ್ಳೇದು ಅಂತ ಕಣ್ಣು ಮುಚ್ಚಿ ಹೇಳಬಹುದು. ಪಿಸ್ತೂಲಿಗೆ ಹಿಂದೊಬ್ಬ ಇರ್ತಾನೆ, ಮುಂದೊಬ್ಬ ಇರ್ತಾನೆ. ಹಿಂದಿನವನ ಮೈಯಿಂದ ಅಪಾಯವನ್ನ ಪೂರ್ತಿ ತೆಗೆದು ಮುಂದಿನವನ ಮೇಲೆ ಹಾಕೋದಕ್ಕೇ ಅಲ್ಲಿ ಗುಣಮಟ್ಟ ಅಂತ ಹೆಸರು.

1948ರ ಜನವರಿ 20. ದೆಹಲಿಯ ಬಿರ್ಲಾ ಹೌಸಿನಲ್ಲಿ ಗಾಂಧಿಯ ಪ್ರಾರ್ಥನಾ ಸಭೆ ಹತ್ತಿರ ಸ್ಫೋಟ ಆದ ದಿನ. ಅವತ್ತು ಬೆಳಿಗ್ಗೆ ಸಂಚುಗಾರರು ತಮ್ಮ ಹತ್ತಿರ ಇದ್ದ ಎರಡು ರಿವಾಲ್ವರ್‌ಗಳನ್ನ ಕಾಡಿನಲ್ಲಿ ಪರೀಕ್ಷೆ ಮಾಡಿದ್ದರು. ಒಂದು ಸರಿಯಾಗಿ ತಿರುಗಲಿಲ್ಲ, ಇನ್ನೊಂದರ ಗುಂಡು ಗುರಿ ತಲುಪಲಿಲ್ಲ ಅಂತ ಮಾಫಿ ಸಾಕ್ಷಿಯಾದವನು ನ್ಯಾಯಾಲಯದಲ್ಲಿ ಹೇಳಿದ್ದಾನೆ. ಅವತ್ತಿನ ಸಂಚು ಕೆಡೋದಕ್ಕೆ ಬೇರೆ ಕಾರಣಗಳೂ ಇದ್ದವು. ಗೋಡ್ಸೆ ಆಮೇಲೆ ಗ್ವಾಲಿಯರ್‌ಗೆ ಹೋಗಿ ಇನ್ನೊಂದು ಪಿಸ್ತೂಲು ಸಂಪಾದಿಸಿದ. ಅದು ಬೆರೆಟಾ, ಎಂ1934. ಜನವರಿ 30ರ ಸಂಜೆ ಮೂರು ಗುಂಡು. ಒಂದೂ ಸಿಕ್ಕಿಕೊಳ್ಳಲಿಲ್ಲ.

ಅದೇ ಗಾರ್ದೋನೆಯ ಮಾಲು. ಒಳ್ಳೆಯ ಕೆಲಸಗಾರರು ಮನಸಿಟ್ಟು ಮಾಡಿದ್ದು. ಗ್ವಾಲಿಯರ್‌ನಲ್ಲಿ ಅವನಿಗೆ ನಮ್ಮೂರ ಆಚಾರ್ರ ಕೋವಿಯಂಥದ್ದೇನಾದರೂ ಸಿಕ್ಕಿದ್ದರೆ ಅಂತ ಯೋಚನೆ ಬಂದಾಗ ನಂಗೆ ನಾಚಿಕೆ ಆಯ್ತು. ಚಿಕ್ಕಪ್ಪಯ್ಯನ ಕೈಗೆ ಆದದ್ದನ್ನ ಇನ್ನೊಬ್ಬನ ಕೈಗೆ ಆಗಲಿ ಅಂತ ಬಯಸಿದ ಹಾಗಾಯ್ತಲ್ಲ ಅಂತ. ಆದ್ರೂ ಬಯಸ್ತೀನಿ. ಇವತ್ತಿಗೂ. ಒಳ್ಳೆ ಕೆಲಸ ಒಳ್ಳೇದೇ ಅಂತ ಚಿಕ್ಕಂದಿನಿಂದ ನಂಬಿಕೊಂಡು ಬಂದ ನನ್ನಂಥ ಇಂಜಿನಿಯರಿಗೆ ಇದನ್ನ ನುಂಗೋದು ಕಷ್ಟ. ನಾನಿನ್ನೂ ನುಂಗಿಲ್ಲ.

ಈಗ ನನ್ನ ವಿಷಯ. ಬಿಇ ಮುಗಿಸಿ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಮೂರು ವರ್ಷ ಇದ್ದೆ. ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್ ಮಾಡ್ತಿದ್ವಿ. ರೈತರು ಮನೆಯಿಂದಲೇ ಫೋನ್ ಮಾಡಿ ಮೋಟರ್ ಆನ್ ಮಾಡೋ ಪೆಟ್ಟಿಗೆ. ಮಾರುಕಟ್ಟೆಯಲ್ಲಿ ಮೊದಲೇ ಹೆಸರಾದ ಒಂದಿತ್ತು, ನಮ್ಮದು ಅದರ ಅಗ್ಗದ ನಕಲು. ಮುಚ್ಚುಮರೆ ಏನಿರಲಿಲ್ಲ, ಅದನ್ನ ಮೇಜಿನ ಮೇಲೆ ಬಿಚ್ಚಿ ಹರಡಿಕೊಂಡೇ ನಮ್ಮದನ್ನ ಮಾಡಿದ್ದು. ಒಳಗಿನ ಪ್ರೋಗ್ರಾಮ್ ಬರೆದವನು ನಾನು.

ಆ ಒರಿಜಿನಲ್ ಪೆಟ್ಟಿಗೆಗೆ ಒಂದು ವಿಚಿತ್ರ ಚಾಳಿ ಇತ್ತು. ಕರೆಂಟ್ ಹೋಗಿ ವಾಪಸ್ ಬಂದಾಗ ತಕ್ಷಣ ಮೋಟರ್ ಹಾಕ್ತಿರಲಿಲ್ಲ. ಒಮ್ಮೆ ಮೂವತ್ತು ಸೆಕೆಂಡ್, ಒಮ್ಮೆ ಎರಡು ನಿಮಿಷ, ಲೆಕ್ಕವೇ ಇಲ್ಲದ ಹಾಗೆ ಕಾಯ್ತಿತ್ತು. ನಾವು ಅದನ್ನ ಅವರ ಕೋಡಿನ ದೋಷ ಅಂತಲೇ ತಿಳಿದೆವು. ನಮ್ಮದು ಐದೇ ಸೆಕೆಂಡಿಗೆ ಆನ್ ಆಗೋ ಹಾಗೆ ಬರೆದೆ. ಸೇಲ್ಸಿನವರು ಕುಣಿದಾಡಿದರು: "ಅವರಿಗಿಂತ ಫಾಸ್ಟು, ಅವರಿಗಿಂತ ಚೀಪು."

ಚನ್ನಗಿರಿ ಕಡೆ ಒಂದು ಹಳ್ಳಿಯಲ್ಲಿ ಒಂದೇ ಟಿಸಿ ಕೆಳಗೆ ನಮ್ಮ ಪೆಟ್ಟಿಗೆ 14 ಮಾರಾಟವಾದವು. ಏಪ್ರಿಲ್ ತಿಂಗಳು. ತ್ರೀ ಫೇಸ್ ಕರೆಂಟು ಬಂದ ಐದನೇ ಸೆಕೆಂಡಿಗೆ 14 ಬೋರ್‌ವೆಲ್ ಮೋಟರ್ ಒಟ್ಟಿಗೇ ಎದ್ದವು. ನಿಂತ ಮೋಟರ್ ಏಳುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತೆ, ಇದನ್ನ ನಾನೇ ಎರಡನೇ ವರ್ಷದ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಫ್ಯೂಸ್ ಹೋಗ್ತಿತ್ತು, ಜನ ದಪ್ಪ ತಂತಿ ಕಟ್ಟಿದರು, ಮತ್ತೆ ಹೀಗೇ ಆಯ್ತು, ಕೊನೆಗೆ ಟಿಸಿ ಸುಟ್ಟಿತು. ಹೊಸ ಟಿಸಿ ಬರೋದಕ್ಕೆ ಎರಡು ವಾರ ದಾಟಿತು. ಆ ಬಿಸಿಲಿಗೆ ಎಳೆ ಅಡಿಕೆ ಸಸಿಗಳು ಏನಾದವು ಅಂತ ತೋಟ ಇರೋರಿಗೆ ಹೇಳಬೇಕಾಗಿಲ್ಲ.

ಆ ಲೆಕ್ಕವಿಲ್ಲದ ಕಾಯುವಿಕೆ ದೋಷ ಆಗಿರಲಿಲ್ಲ. ಒಂದೊಂದು ಮೋಟರ್ ಒಂದೊಂದು ಹೊತ್ತಿಗೆ ಏಳಲಿ ಅಂತ ಬೇಕೆಂದೇ ಹಾಕಿದ್ದು. ಆಚಾರ್ರು ಅರ್ಥವಾಗದ ಕಿರೀಟವನ್ನ ಭಕ್ತಿಯಿಂದ ಉಳಿಸಿಕೊಂಡಿದ್ದರು. ನಾನು ಬಿಇ ಓದಿದವನು, ಅರ್ಥವಾಗದ್ದನ್ನ ಕಿತ್ತು ಹಾಕಿದ್ದೆ.

ಮುಂದಿನ ಬ್ಯಾಚಿನಲ್ಲಿ ಸರಿ ಮಾಡಿದ್ವಿ. ಮಾರಿ ಹೋದದ್ದನ್ನ ವಾಪಸ್ ತರಿಸೋ ಮಾತು ಮೀಟಿಂಗಿನಲ್ಲಿ ಒಮ್ಮೆ ಬಂತು. ಅದರ ಖರ್ಚಿನ ಲೆಕ್ಕ ಹಾಕಿದ ಮೇಲೆ ಮತ್ತೆ ಬರಲಿಲ್ಲ. ನಾನೂ ಎತ್ತಲಿಲ್ಲ. ಆರು ತಿಂಗಳಿಗೆ ಕೆಲಸ ಬದಲಾಯಿಸಿದೆ, ಆಮೇಲೆ ಆನ್‌ಸೈಟು, ಟೆಕ್ಸಾಸು. ನಡುವೆ ಅಪ್ಪಯ್ಯ ತೋಟಕ್ಕೆ ಒಂದು ಸ್ಟಾರ್ಟರ್ ಬೇಕು ಅಂದಾಗ ಜಾಸ್ತಿ ದುಡ್ಡು ಕೊಟ್ಟು ಆ ಒರಿಜಿನಲ್ಲನ್ನೇ ಕಳಿಸಿದ್ದೆ. "ನಿಮ್ಮ ಕಂಪನಿದು ಅಲ್ವೇನೋ ಇದು?" ಅಂತ ಕೇಳಿದರು. ಸ್ಟಾಕ್ ಇರಲಿಲ್ಲ ಅಂದೆ.

ಕೆಳಮನೆ ಚಿಕ್ಕಪ್ಪಯ್ಯನ ಮಗ ಮಾತ್ರ, ನಮ್ಮ ಹುಡುಗ ಮಾಡಿದ್ದು ಅಂತ ಅಭಿಮಾನದಿಂದ ನಮ್ಮ ಕಂಪನಿದನ್ನೇ ಶಿವಮೊಗ್ಗದಿಂದ ಹುಡುಕಿ ತಂದಿದ್ದ. ಹೋದ ದೀಪಾವಳಿಗೆ ಊರಿಗೆ ಹೋದಾಗ ಪಂಪ್‌ಹೌಸಿಗೆ ಕರೆದುಕೊಂಡು ಹೋಗಿ ತೋರಿಸಿದ. ಪೆಟ್ಟಿಗೆ ಮೇಲೆ ಅರಿಶಿನ ಕುಂಕುಮ ಹಚ್ಚಿದ್ದ. ಚಿಕ್ಕಪ್ಪಯ್ಯನೂ ಬಂದು, ಉಳಿದ ಎರಡು ಬೆರಳಲ್ಲಿ ಪೆಟ್ಟಿಗೆ ತಟ್ಟಿ "ಗಟ್ಟಿ ಮಾಲು ಮಾರಾಯ" ಅಂದ. ನಾನು ಪಕ್ಕದ ಸೀರಿಯಲ್ ನಂಬರ್ ನೋಡಿದೆ. ಹಳೇ ಬ್ಯಾಚು.

ಯುಗಾದಿಗೆ ಹೋಗೋವಾಗ ಬದಲಾಯಿಸಿ ಬರೋಣ ಅಂತ ಒಂದು ಒರಿಜಿನಲ್ ಪೆಟ್ಟಿಗೆ ತರಿಸಿ ಮನೆಯಲ್ಲಿ ಇಟ್ಟಿದೀನಿ. ಒಂದೇ. ಚನ್ನಗಿರಿಗೆ 14 ಬೇಕು.